ಒಳಗಿನ ಅಟ್ಟೆ

ನೆನೆದ ಬೂಟನ್ನು ಬೆಂಕಿಯ ಹತ್ತಿರ ಒಯ್ಯಬಾರದು. ಬಿಸಿಲಿಗೂ ಇಡಬಾರದು. ಲೇಸು ಬಿಚ್ಚಿ, ನಾಲಗೆಯನ್ನು ಮೇಲಕ್ಕೆತ್ತಿ, ಹಳೆಯ ಪೇಪರನ್ನು ಉಂಡೆ ಮಾಡಿ ಒಳಗೆ ತುಂಬಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಅಡ್ಡ ಮಲಗಿಸಬೇಕು. ಪೇಪರು ಒದ್ದೆಯಾದ ಹಾಗೆ ತೆಗೆದು ಬೇರೆ ತುಂಬಬೇಕು. ಎರಡು ದಿನವಾಗಬಹುದು, ನಾಲ್ಕು ದಿನವಾಗಬಹುದು. ಪೂರ್ತಿ ಆರಿದ ಮೇಲೆ ಬೆರಳ ತುದಿಯಲ್ಲಿ ಔಡಲೆಣ್ಣೆ ತೆಗೆದುಕೊಂಡು, ಹಸುಗೂಸಿನ ನೆತ್ತಿಗೆ ಒತ್ತುವಷ್ಟೇ ಹಗುರವಾಗಿ ಒತ್ತಬೇಕು. ಒಂದು ದಿನ ಬಿಡಬೇಕು. ಪಾಲಿಷಿನ ಮಾತು ಅದರ ನಂತರ.

ಇದು ದೊಡ್ಡ ವಿದ್ಯೆಯೇನಲ್ಲ. ಆದರೆ ಇಷ್ಟೂ ಗೊತ್ತಿಲ್ಲದ ಮನುಷ್ಯನೊಬ್ಬ ನನ್ನ ಅಪ್ಪನನ್ನು ಜನರ ಮುಂದೆ ಕೆಲಸ ಬಾರದವನು ಎಂದ. ಆ ಸೋಮವಾರವನ್ನು ನೆನೆದರೆ ಈಗಲೂ ಹಲ್ಲು ತಾವಾಗಿ ಕಚ್ಚಿಕೊಳ್ಳುತ್ತವೆ.

ಅಪ್ಪ, ಅಮಾತೆಪ್ಪ, ಹುನಗುಂದದಲ್ಲಿ ಕೋರ್ಟಿನ ಗೇಟಿಗೆ ಹತ್ತು ಹೆಜ್ಜೆ ದೂರದ ಬೇವಿನ ಗಿಡದ ಕೆಳಗೆ ಮೂವತ್ತನಾಲ್ಕು ವರ್ಷದಿಂದ ಕುಳಿತವನು. ಒಂದು ಗೋಣಿ ತಟ್ಟು, ಒಂದು ಮರದ ಪೆಟ್ಟಿಗೆ, ಗಿರಾಕಿಗಳ ಕಾಲಿಗೆಂದು ಒಂದು ಜೊತೆ ರಬ್ಬರ್ ಚಪ್ಪಲಿ. ವಕೀಲರು ಬರುತ್ತಾರೆ, ಆ ಚಪ್ಪಲಿಯಲ್ಲಿ ಕಾಲು ತೂರಿಸುತ್ತಾರೆ, ಬಿಟ್ಟ ಬೂಟನ್ನು ಕಾಲಿನಿಂದಲೇ ಅಪ್ಪನ ಕಡೆ ತಳ್ಳುತ್ತಾರೆ. ಮೊದಲು ಎಡದ್ದು, ಆಮೇಲೆ ಬಲದ್ದು. ಮುಗಿದ ಮೇಲೆ ಅಪ್ಪ ಅವನ್ನು ಜೋಡಿಸಿ, ಮೂತಿಯನ್ನು ಅವರ ಕಡೆಗೆ ಅಲ್ಲ, ಕೋರ್ಟಿನ ಕಡೆಗೆ ತಿರುಗಿಸಿ ಇಡುತ್ತಾನೆ. ಕಾಲು ಹಾಕಿದರೆ ನೇರ ನಡೆದುಬಿಡಬಹುದು. ಬೂಟನ್ನು ಯಾರೂ ಅವನಿಗೆ ಕೈಯಿಂದ ಕೊಟ್ಟದ್ದನ್ನಾಗಲಿ, ಅವನಿಂದ ಕೈಯಿಂದ ತೆಗೆದುಕೊಂಡದ್ದನ್ನಾಗಲಿ ನಾನು ನೋಡಿರಲಿಲ್ಲ. ಅದು ಯಾರೂ ಬರೆದಿಡದ ಪದ್ಧತಿ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದ್ದೇನೆ, ಬರೆದಿಡದ ಪದ್ಧತಿಗಳೇ ಹೆಚ್ಚು ಕಾಲ ಬಾಳುತ್ತವೆ ಎಂದು ಯಾವ ಪುಸ್ತಕದಲ್ಲೂ ಓದಲಿಲ್ಲ, ಆ ಬೇವಿನ ಗಿಡದ ಕೆಳಗೆ ಕುಳಿತು ತಿಳಿದುಕೊಂಡೆ.

ಈ ಕೆಲಸವನ್ನು ಅಪ್ಪ ನನಗೆ ಕಲಿಸಲಿಲ್ಲ. ಸಣ್ಣವನಿದ್ದಾಗ ಹೊಲಿಯುವ ಆರಿಯನ್ನು ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದ. ಬ್ರಷ್ಷನ್ನೂ ಮುಟ್ಟಗೊಡುತ್ತಿರಲಿಲ್ಲ. ನನಗೆ ಗೊತ್ತಿರುವುದೆಲ್ಲ ನೋಡಿ ಗೊತ್ತಾದದ್ದು. ಈಗ ನಾನು ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯ ಗೇಟಿನಲ್ಲಿ ಕುಳಿತು ಯಾವ ಲಾರಿ ಬಂತು, ಯಾವುದು ಹೋಯಿತು ಎಂದು ನೋಡುತ್ತೇನೆ. ಸೋಮವಾರ ನಮಗೆ ರಜೆ. ರಜೆಯ ದಿನ ಹುನಗುಂದದಲ್ಲೇ ಇದ್ದು ಅಪ್ಪನ ಹಿಂದೆ ಗೋಡೆಗೆ ಆತು ಕೂರುತ್ತೇನೆ. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಅಪ್ಪನ ಮೌನವನ್ನು ನಾನು ಬಲ್ಲೆ ಎಂದುಕೊಂಡಿದ್ದೆ.

ವಿಜಯಮಹಾಂತೇಶ ವಕೀಲರು ಆ ಕೋರ್ಟಿನಲ್ಲಿ ಹಿರಿಯರು. ಅವರು ಹೇಳಿದ್ದನ್ನು ಕಿರಿಯ ವಕೀಲರೂ ಹೆಸರು ಕೂಗುವ ಪಟ್ಟೇವಾಲರೂ ಎದುರಾಡುವುದಿಲ್ಲ. ಬಸವಣ್ಣನವರ ಬಗ್ಗೆ, ಕಾಯಕದ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆಂದು ಜಿಲ್ಲೆಯ ತುಂಬ ಕರೆಯುತ್ತಾರೆ. ಹಳೆಯ ಪದ್ಧತಿಯ ಮನುಷ್ಯ ತಾನು ಎಂದು ಹೇಳಿಕೊಳ್ಳುವುದು ಅವರಿಗೆ ಬಹಳ ಇಷ್ಟ. ಮನೆಯ ಮೇಲೆ ಸೋಲಾರ್ ಇದೆ, ಆದರೆ ಸಗಣಿ ಕುಳ್ಳಿನ ಒಲೆಯ ಮೇಲೆ ಕಾಯಿಸಿದ ನೀರಿನ ಹೊರತು ತನಗೆ ಜಳಕ ಆಗುವುದಿಲ್ಲ ಎಂಬುದನ್ನು ಅವರು ಅಪ್ಪನೆದುರು ಬೂಟು ತಳ್ಳಿ ನಿಂತಾಗಲೇ ಎಷ್ಟು ಸಲ ಹೇಳಿಲ್ಲ. ಚಹಾದಂಗಡಿಯ ಫಾರೂಕ ಅವರ ಬೆನ್ನ ಹಿಂದೆ ಅವರನ್ನು ಕುಳ್ಳಿನ ಸಾಹೇಬ್ರು ಎಂದೇ ಕರೆಯುತ್ತಾನೆ.

ಅವರ ಮಗಳು ದಿಲ್ಲಿಯಿಂದ ತಂದುಕೊಟ್ಟ ಒಂದು ಜೊತೆ ಕಂದು ಬೂಟು ಇದ್ದವು. ಕೋರ್ಟಿಗಲ್ಲ, ಸಭೆಗಳಿಗೆ. ಒಳ್ಳೆಯ ತೊಗಲು. ಅಪ್ಪ ಅದನ್ನು ಹಿಡಿದಾಗ ಅವನ ಹೆಬ್ಬೆರಳು ನಿಧಾನವಾಗುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ವಕೀಲರು ಕಾರಿನಿಂದ ಇಳಿದವರೇ ಒಂದು ಪ್ಲಾಸ್ಟಿಕ್ ಚೀಲವನ್ನು ಗೋಣಿ ತಟ್ಟಿನ ಮೇಲೆ ಎಸೆದರು. ಅದರೊಳಗಿಂದ ಕಂದು ಬೂಟುಗಳು ಉರುಳಿದವು. ಒಂದರ ಮುಂಭಾಗ, ಬೆರಳು ಮಡಚುವ ಕಡೆ, ಅಡ್ಡಕ್ಕೆ ಸೀಳಿತ್ತು. ತೊಗಲು ಸೀಳಿದ ಹಾಗೆ ಸೀಳಿರಲಿಲ್ಲ, ಒಣ ರೊಟ್ಟಿ ಮುರಿದ ಹಾಗೆ ಮುರಿದಿತ್ತು.

ಹಿಂದಿನ ದಿನ ನವನಗರದಲ್ಲಿ ಸಭೆ ಇತ್ತಂತೆ. ಕಾರು ಇಳಿದು ಸಭಾಭವನದ ಮೆಟ್ಟಿಲು ಹತ್ತುವಾಗ ಬೂಟು ಬಾಯಿಬಿಟ್ಟು ಕಾಲುಚೀಲದ ಬೆರಳು ಹೊರಗೆ ಬಂತಂತೆ. ಹಾರ ಹಿಡಿದು ನಿಂತ ಹುಡುಗಿಯರು ನಕ್ಕರಂತೆ. ಇದನ್ನೆಲ್ಲ ಅವರು ಹೇಳುವಾಗ ಗೇಟಿನ ಬಳಿ ಇಪ್ಪತ್ತು ಇಪ್ಪತ್ತೈದು ಕೇಸಿನ ಪಕ್ಷಗಾರರು ಸೇರಿದ್ದರು. ಅವರ ಜೂನಿಯರ್ ದೀಪಕ ಫೈಲುಗಳನ್ನು ಎದೆಗವಚಿಕೊಂಡು ಹಿಂದೆ ನಿಂತಿದ್ದ.

"ಏನ್ ಹಚ್ಚಿದೆಲೇ ಅಮಾತ್ಯಾ? ಚಿಮಣಿ ಎಣ್ಣಿ ಹಚ್ಚಿದೇನು?"

ಅರವತ್ತೆರಡು ವರ್ಷದವನ ಹೆಸರಿನಿಂದ ‘ಅಪ್ಪ’ ಎಂಬುದನ್ನು ಕಿತ್ತು ಬಿಸಾಡಿ ಕರೆಯುವುದು ಅವರಿಗೆ ರೂಢಿ. ಹೋದ ವಾರ ಇವೇ ಬೂಟುಗಳು ಅಪ್ಪನ ಹತ್ತಿರ ಬಂದು ನಾಲ್ಕು ದಿನ ಇದ್ದವೆಂದು ಅವರ ಮಾತಿನಿಂದಲೇ ನನಗೆ ತಿಳಿಯಿತು. ಅಪ್ಪ ಬೂಟನ್ನು ಎತ್ತಿಕೊಂಡ. ಸೀಳಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಅವನು ಉತ್ತರ ಕೊಡುತ್ತಾನೆ ಎಂದು ಕಾದೆ. ಮೂವತ್ತನಾಲ್ಕು ವರ್ಷದಲ್ಲಿ ಅವನ ಕೈಯಿಂದ ಒಂದು ಬೂಟೂ ಕೆಟ್ಟಿರಲಿಲ್ಲ. ಅದು ಆ ಗೇಟಿಗೆ ಬರುವ ಎಲ್ಲರಿಗೂ ಗೊತ್ತಿತ್ತು.

"ತಪ್ಪಾತ್ರಿ ಸಾಹೇಬ್ರ" ಅಂದ ಅಪ್ಪ.

ವಕೀಲರು ಇನ್ನೂ ಜೋರಾದರು. ಕೆಲಸ ಬಾರದವರನ್ನು ಕೋರ್ಟಿನ ಬಾಗಿಲಲ್ಲಿ ಕೂರಿಸಿಕೊಂಡು ತಾವೇ ತಪ್ಪು ಮಾಡಿದ್ದಾಗಿ, ಇನ್ನು ಯಾವ ವಕೀಲರೂ ಇಲ್ಲಿ ಬೂಟು ಬಿಡದ ಹಾಗೆ ನೋಡಿಕೊಳ್ಳುವುದಾಗಿ ಹೇಳಿದರು. ಕೊನೆಗೆ, ನಾಳೆಯಿಂದ ಈ ಗಿಡದ ಕೆಳಗೆ ಕುಂದ್ರಬ್ಯಾಡ ಅಂದರು. ಅಪ್ಪ ಆಗಲಿ ಎಂಬಂತೆ ತಲೆ ಅಲ್ಲಾಡಿಸಿದ. ಪೆಟ್ಟಿಗೆಯ ಮುಚ್ಚಳದ ಮೇಲೆ ಅವನ ಕೈ ಹೋಗಿ ಕೂತಿತು, ಈಗಲೇ ಮುಚ್ಚಿಕೊಂಡು ಏಳುವವನ ಹಾಗೆ.

ನಾನು ಆ ಬೂಟನ್ನು ಅವನ ಮುಂದಿನಿಂದ ಎತ್ತಿಕೊಂಡೆ. ಮೂಗಿನ ಹತ್ತಿರ ತಂದೆ. ಪಾಲಿಷಿನ ವಾಸನೆಯ ಅಡಿಯಲ್ಲಿ ಹೊಗೆಯ ವಾಸನೆ ಇತ್ತು. ಒಳಗೆ ಕೈ ಹಾಕಿದೆ. ಪಾದ ಊರುವ ಕಡೆ ಹೊಸ ಅಟ್ಟೆ ಇತ್ತು, ತೆಳ್ಳಗಿನ ತೊಗಲಿನದು, ಅಂಚನ್ನು ಕೂದಲೆಳೆಯಷ್ಟು ಸವರಿ ಅಂಟಿಸಿದ್ದು. ಅಂಥ ಕೆಲಸ ಈ ತಾಲೂಕಿನಲ್ಲಿ ಒಬ್ಬನದೇ. ಅಪ್ಪನ ಕೈ ಅದು ಎಂದು ನನ್ನ ಬೆರಳಿಗೆ ಗೊತ್ತಾಯಿತು. ಗೊತ್ತಾಗಿಯೂ ಕಿತ್ತೆ.

ಅದರ ಕೆಳಗಿನ ಹಳೆಯ ಅಟ್ಟೆ ಕಪ್ಪಗೆ ಸುಟ್ಟು, ಹಪ್ಪಳದ ಹಾಗೆ ಮುದುಡಿತ್ತು. ಬೆರಳು ತಾಗಿದ್ದೇ ಪುಡಿಯಾಯಿತು. ಮೂಲೆಯಲ್ಲಿ ಬೂದಿ ಇತ್ತು. ತಿಳಿ ಬೂದು ಬಣ್ಣದ, ನುಣ್ಣಗಿನ ಬೂದಿ.

"ರಾಹುಲಾ, ಇಡು ಕೆಳಗ" ಅಂದ ಅಪ್ಪ. ಮೆತ್ತಗೆ ಅಂದ.

ನಾನು ಇಡಲಿಲ್ಲ. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ವಕೀಲರ ಎದೆಯ ಮಟ್ಟಕ್ಕೆ ಚಾಚಿದೆ.

"ಕೈ ಹಾಕಿ ನೋಡ್ರಿ ಸಾಹೇಬ್ರ."

ಅವರ ಕೈಗಳು ಬೆನ್ನ ಹಿಂದಿದ್ದವು. ಅಲ್ಲೇ ಉಳಿದವು. ಅವರು ನನ್ನನ್ನು ನೋಡಿದರು, ಬೂಟನ್ನು ನೋಡಲಿಲ್ಲ. ಫಾರೂಕನ ಗ್ಯಾಸ್ ಸ್ಟೋವಿನ ಸದ್ದೊಂದೇ. ನಾನು ಕೈ ಇಳಿಸಲಿಲ್ಲ. ಮೌನವನ್ನು ಹಿಡಿದು ನಿಲ್ಲುವುದು ನನಗೆ ಕಷ್ಟವಲ್ಲ. ಅದೊಂದನ್ನು ಅಪ್ಪ ನನಗೆ ಕೊಟ್ಟಿದ್ದಾನೆ. ಕೊನೆಗೆ ತಡೆಯಲಾರದೆ ದೀಪಕ ಮುಂದೆ ಬಂದು ಎರಡು ಬೆರಳು ಒಳಗೆ ಹಾಕಿ ತೆಗೆದ. ಬೆರಳ ತುದಿಯನ್ನು ಬೆಳಕಿಗೆ ಹಿಡಿದು, ಪಾಪ, ಏನೂ ತಿಳಿಯದೆ ಹೇಳಿದ:

"ಬೂದಿ ಐತ್ರಿ ಸರ. ಸುಟ್ಟೈತಿ ಒಳಗ."

"ಇವನ ಸುಟ್ಟಾನ" ಅಂದರು ವಕೀಲರು.

ಆಗ ನಾನು ಹೇಳಿದೆ. ಈ ಗಿಡದ ಕೆಳಗೆ ಒಲೆ ಇಲ್ಲ, ಫಾರೂಕನದು ಗ್ಯಾಸು, ನಮ್ಮ ಮನೆಯಲ್ಲೂ ಗ್ಯಾಸು ಎಂದು ಹೇಳಿದೆ. ಅಪ್ಪ ಸುಟ್ಟ ಬೂಟನ್ನು ತೆಗೆದುಕೊಂಡು ಆದಷ್ಟು ಮಾಡಿಕೊಟ್ಟಿದ್ದಾನೆ, ಸುಟ್ಟ ತೊಗಲು ಮೇಲೆ ಎಷ್ಟು ಹೊಳೆದರೂ ಒಂದು ದಿನ ಮುರಿಯುತ್ತದೆ ಎಂದು ಹೇಳಿದೆ. ಆಮೇಲೆ ಈ ಮಾತು:

"ಇದು ಕುಳ್ಳಿನ ಬೂದಿ. ಕುಳ್ಳಿನ ಒಲಿ ಯಾರ ಬಚ್ಚಲದಾಗ ಐತಿ ಅಂತ ನಿಮಗ ಗೊತ್ತೈತಿ."

ಯಾರೋ ಕಿಸಕ್ಕೆಂದರು. ವಕೀಲರ ಮುಖದಲ್ಲಿ ಸಿಟ್ಟು ಹೋಗಿ ಇನ್ನೇನೋ ಬಂತು. ಲೆಕ್ಕ ಕೂಡಿಸುವವನ ಮುಖ. ಅವರು ತಿರುಗಿ ಕೋರ್ಟಿನೊಳಗೆ ಹೋದರು. ದೀಪಕ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹಿಂದೆ ಓಡಿದ. ಇವತ್ತಿನ ಚಹಾ ನನ್ನ ಕಡೆಯಿಂದ ಎಂದು ಫಾರೂಕ ಎರಡು ಕಪ್ಪು ತಂದಿಟ್ಟ. ನಾನು ಒಂದೇ ಗುಟುಕಿಗೆ ಅರ್ಧ ಕಪ್ಪು ಕುಡಿದೆ. ಸಂತೋಷವಾಗಿತ್ತು ಎಂದು ಒಪ್ಪಿಕೊಳ್ಳಬೇಕು.

ಅಪ್ಪ ಚಹಾ ಮುಟ್ಟಲಿಲ್ಲ. ನಾನು ಕಿತ್ತೆಸೆದ ಹೊಸ ಅಟ್ಟೆಯನ್ನು ನೆಲದಿಂದ ಎತ್ತಿಕೊಂಡು ತೊಡೆಯ ಮೇಲೆ ಇಟ್ಟು ಅಂಗೈಯಿಂದ ತೀಡಿ ನೇರ ಮಾಡುತ್ತಿದ್ದ. ಆಮೇಲೆ ಹೇಳಿದ.

ಹೋದ ವಾರ ನಸುಕಿನಲ್ಲಿ, ಅವನು ಪೆಟ್ಟಿಗೆ ಬಿಚ್ಚುವ ಮೊದಲೇ, ವಕೀಲರ ಹೆಂಡತಿ ಶೀಲಾ ಬಂದಿದ್ದರು. ವಕೀಲರು ನೆಂಟರನ್ನು ಕರೆದುಕೊಂಡು ಐಹೊಳೆಗೆ ಹೋದವರು ಮಳೆಗೆ ಸಿಕ್ಕಿ ಬೂಟು ನೆನೆಸಿಕೊಂಡು ಬಂದಿದ್ದರು. ಬೆಳಗಾಗುವುದರೊಳಗೆ ಒಣಗಿರಬೇಕು ಎಂದು ಹೇಳಿ ಮಲಗಿದ್ದರು. ಅವರ ಮನೆಯಲ್ಲಿ ತೊಗಲು ಹೊಸ್ತಿಲು ದಾಟುವಂತಿಲ್ಲ. ಫ್ಯಾನು ಇರುವುದು ಒಳಗೆ, ಅಡುಗೆಮನೆ ದೇವರಮನೆ ಇರುವುದು ಒಳಗೆ. ಹೊರಗೆ ಬಿಸಿ ಇದ್ದ ಜಾಗ ಹಿತ್ತಲ ಬಚ್ಚಲದ ಒಲೆ ಒಂದೇ. ಆಕೆ ಬೂಟುಗಳನ್ನು ಒಲೆಯ ದಂಡೆಯ ಮೇಲೆ ಇಟ್ಟು ಮಲಗಿದರು. ಕುಳ್ಳಿನ ಬೆಂಕಿ ಆರಿದ ಹಾಗೆ ಕಾಣುತ್ತದೆ, ಆರುವುದಿಲ್ಲ.

"ಕೈಯಾಗ ಹಿಡಕೊಂಡು ಬಂದಿದ್ರು ಅಕ್ಕಾರು" ಅಂದ ಅಪ್ಪ. "ನನ್ನ ಕೈಯಾಗ ಕೊಟ್ರು. ಯಾರಿಗೂ ಹೇಳಬ್ಯಾಡ್ರಿ ಅಮಾತೆಪ್ಪ ಅಂದ್ರು. ನಾ ಹೂಂ ಅಂದಿದ್ದೆ."

ವಕೀಲರಿಗೆ ಆಕೆ ಪಾಲಿಷಿಗೆ ಕೊಟ್ಟಿದ್ದೇನೆ ಎಂದಷ್ಟೇ ಹೇಳಿದ್ದರಂತೆ. ಕಟ್ಟಿಕೊಡುವಾಗ ಇದನ್ನು ತೊಟ್ಟು ನಡೆಯಗೊಡಬೇಡಿ ಎಂದು ಆಕೆಗೆ ಎಚ್ಚರಿಕೆ ಹೇಳಿದ್ದನಂತೆ. ಆದರೆ ಆ ಮನೆಯಲ್ಲಿ ಇದನ್ನು ತೊಡಬೇಡಿ ಎಂದು ಹೇಳುವುದಕ್ಕೆ ಆಕೆ ಯಾಕೆ ಎಂದೂ ಹೇಳಬೇಕಾಗುತ್ತಿತ್ತು.

ನನ್ನ ಸಿಟ್ಟು ಇಳಿಯಲಿಲ್ಲ. ಕೂರಲು ಬೇರೆ ಜಾಗ ಹುಡುಕಿತು. ಅವರ ಮನೆಯ ತಪ್ಪನ್ನು ನಾವೇಕೆ ಹೊರಬೇಕು ಎಂದು ಕೇಳಿದೆ.

"ನಾ ಹೊತ್ತಿದ್ದೆ. ನಿನಗ ಯಾರು ಹೊರು ಅಂದಿದ್ರು?"

"ಮೂವತ್ತನಾಲ್ಕು ವರ್ಷದ ಜಾಗ ಬಿಟ್ಟು ಏಳಾಕ ತಯಾರಾಗಿದ್ದೆಲ್ಲ."

"ನನಗ ಬಸ್‌ಸ್ಟ್ಯಾಂಡಿನ್ಯಾಗ ಇನ್ನೊಂದ ಗಿಡ ಐತಿ. ಆಕಿಗೆ ಇನ್ನೊಂದ ಮನಿ ಎಲ್ಲೈತಿ?"

ಅದಾದ ಮೇಲೆ ಒಂದು ವಾರ ಅವನು ನನ್ನೊಡನೆ ಮಾತಾಡಲಿಲ್ಲ. ಅಪ್ಪನ ಮೌನಗಳಲ್ಲಿ ನನಗೆ ಗೊತ್ತಿರದ ಒಂದು ಇತ್ತು ಎಂದು ಅವತ್ತು ತಿಳಿಯಿತು. ಅಂಜಿಕೆ ಎಂದುಕೊಂಡದ್ದು ಅಂಜಿಕೆಯಾಗಿರಲಿಲ್ಲ. ಇಳಕಲ್ಲಿನ ಗೇಟಿನಲ್ಲಿ ಕಲ್ಲು ಕೊಯ್ಯುವ ಗರಗಸದ ಸದ್ದಿನ ನಡುವೆ ಕುಳಿತು ಇದನ್ನೇ ತಿರುವಿ ತಿರುವಿ ಯೋಚಿಸಿದೆ. ಆಕೆಗೆ ಮನೆಯಲ್ಲಿ ಏನಾಗಿರಬಹುದು ಎಂದು ಊಹಿಸಿದೆ, ಊಹೆ ಮುಗಿದಾಗ ವಕೀಲರ ಮೇಲೆ ಸಿಟ್ಟು ಬಂತು. ನನ್ನ ಮೇಲೆ ಬಂತು. ಒಬ್ಬ ಹೆಂಗಸಿನ ಹೆದರಿಕೆಯನ್ನು ತನ್ನ ಒಳ್ಳೆಯ ತೊಗಲಿನಿಂದ ಮುಚ್ಚಿ ತಾನು ಬೈಸಿಕೊಂಡ ಅಪ್ಪನ ಮೇಲೂ ಬಂತು. ಒಳ್ಳೆಯವರಾಗುವ ಕೆಲಸವೂ ನಮ್ಮ ಓಣಿಯವರಿಗೇ ಯಾಕೆ ಬರಬೇಕು? ಈ ಪ್ರಶ್ನೆ ತಪ್ಪು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಜಾಗ ಮಾತ್ರ ಉಳಿಯಿತು. ವಕೀಲರು ಗೇಟು ದಾಟುವಾಗ ಗಿಡದ ಕಡೆ ನೋಡುವುದನ್ನು ಬಿಟ್ಟರು. ಉಳಿದವರು ಎಂದಿನಂತೆ ಬಂದು ಬೂಟು ತಳ್ಳಿದರು.

ಮುಂದಿನ ಸೋಮವಾರ ಹತ್ತೂ ಕಾಲಿಗೆ ಶೀಲಾ ಬಂದರು. ನಡೆದು ಬಂದರು. ಐವತ್ತರ ಮೇಲಿನ ವಯಸ್ಸು, ಇಳಕಲ್ ಸೀರೆಯ ಸೆರಗನ್ನು ಎರಡೂ ಭುಜಕ್ಕೆ ಬಿಗಿಯಾಗಿ ಹೊದ್ದಿದ್ದರು. ಕೈಯಲ್ಲಿ ವಕೀಲರ ಕರಿ ಬೂಟು, ಕೋರ್ಟಿಗೆ ತೊಡುವಂಥವು. ಚೀಲದಲ್ಲಿ ಇರಲಿಲ್ಲ. ಬಜಾರಿನ ಉದ್ದಕ್ಕೂ ಹಾಗೆಯೇ ಹಿಡಿದುಕೊಂಡು ಬಂದಿದ್ದರು.

ಅಪ್ಪ ಎದ್ದು ನಿಂತ. ಆಕೆ ಗೋಣಿ ತಟ್ಟಿನ ಅಂಚಿಗೆ, ಯಾರೂ ಕೂರದ ಕಡೆ, ಕುಳಿತುಬಿಟ್ಟರು. ಪಾಲಿಷ್ ಮಾಡುವುದನ್ನು ಕಲಿಸಿಕೊಡಿ ಅಂದರು.

ಕೇಳದಿದ್ದರೂ ಆಕೆಯೇ ಹೇಳಿದರು. ಇನ್ನು ಮೇಲೆ ದಿನಾ ಬೆಳಿಗ್ಗೆ ಬೂಟು ಆಕೆಯ ಕೈಯಿಂದಲೇ ಆಗಬೇಕೆಂದು ವಕೀಲರ ಅಪ್ಪಣೆಯಂತೆ. ಹಿತ್ತಲಲ್ಲಿ ಕುಳಿತು ಮಾಡಬೇಕಂತೆ.

"ಯಾವ ಕಾಯಕನೂ ಕೀಳಲ್ಲ ಅಂದ್ರು. ಮುಗದ ಮ್ಯಾಲೆ ಜಳಕ ಮಾಡಿ ಒಳಗ ಬಾ ಅಂದ್ರು."

ಎರಡು ಮಾತನ್ನೂ ಒಂದೇ ದನಿಯಲ್ಲಿ ಹೇಳಿದರು. ಫಾರೂಕ ಚಹಾ ಸೋಸುವುದನ್ನು ನಿಲ್ಲಿಸಿದ. ಅಪ್ಪ ಪೆಟ್ಟಿಗೆ ತೆರೆದು ದೊಡ್ಡ ಬ್ರಷ್ಷನ್ನು ತೆಗೆದು, ಆಕೆಗೆ ಕೊಡದೆ, ನನ್ನ ಕಡೆ ಚಾಚಿದ. ವಾರದ ನಂತರ ನನ್ನ ಮುಖ ನೋಡಿದ.

"ಇಂವ ತೋರಸ್ತಾನ್ರಿ ಅಕ್ಕಾರ."

ಇಪ್ಪತ್ತೇಳು ವರ್ಷ ಮುಟ್ಟಗೊಡದ ಬ್ರಷ್ಷು. ಹಿಡಿಯ ಮರದಲ್ಲಿ ಅವನ ಹೆಬ್ಬೆರಳಿನ ಗುಳಿ ಇತ್ತು. ನನ್ನದು ಅದರಲ್ಲಿ ಸರಿಯಾಗಿ ಕೂರಲಿಲ್ಲ. ನಾನು ಆಕೆಯ ಎದುರು ಕುಳಿತೆ.

ಮೊದಲು ಒಣ ಬ್ರಷ್ಷು ಎಂದು ಹೇಳಿದೆ. ಒದ್ದೆ ಬಟ್ಟೆ ಮುಟ್ಟಿಸಬಾರದು. ಧೂಳಿಗೆ ನೀರು ಸೇರಿದರೆ ಅದು ತೊಗಲನ್ನು ಕೊರೆಯುತ್ತದೆ. ಹೊಲಿಗೆಯ ಸಂದಿಯ ಮಣ್ಣು ಪೂರ್ತಿ ಹೋಗಬೇಕು. ಆಮೇಲೆ ಪಾಲಿಷ್, ತೆಳ್ಳಗೆ, ಬಟ್ಟೆಯನ್ನು ಬೆರಳಿಗೆ ಸುತ್ತಿ ಸುಳಿ ಸುಳಿಯಾಗಿ. ದಪ್ಪ ಹಚ್ಚಿದರೆ ಬೇಗ ಹೊಳೆಯುತ್ತದೆ, ಬೇಗ ಬಿರಿಯುತ್ತದೆ. ಹಚ್ಚಿದ ಮೇಲೆ ಸುಮ್ಮನೆ ಬಿಡಬೇಕು. ಅದು ಆರುವವರೆಗೆ ಯಾರ ಅವಸರವೂ ನಡೆಯುವುದಿಲ್ಲ. ಆರಿದ ಮೇಲೆ ಬ್ರಷ್ಷು. ಬೇಕಿದ್ದರೆ ಇನ್ನೊಂದು ಸಲ.

ಆಕೆ ಬ್ರಷ್ಷು ತೆಗೆದುಕೊಂಡರು. ಒಂದೆರಡು ಸಲ ಕೈ ಜಾರಿತು. ಮೂರನೆಯ ಸಲಕ್ಕೆ ಹಿಡಿತ ಸಿಕ್ಕಿತು. ಆಮೇಲೆ ಆ ಬೂಟಿನ ಮೇಲೆ ಆಕೆಯ ಕೈ ಹೋದ ಬಿರುಸನ್ನು ನಾನು ಅಪ್ಪನಲ್ಲೂ ನೋಡಿರಲಿಲ್ಲ. ಬಳೆಗಳು ಮೊಣಕೈವರೆಗೆ ಸರಿದವು. ಮಣ್ಣು ಹಾರಿ ಸೀರೆಯ ಮೇಲೆ ಬಿತ್ತು. ಕೊಡವಿಕೊಳ್ಳಲಿಲ್ಲ.

"ಅವತ್ತ ಮಾತಾಡಿದವ್ರು ನೀವಾ?" ತಲೆ ಎತ್ತದೆ ಕೇಳಿದರು.

"ಹೂಂರಿ."

ಬೈಗುಳಕ್ಕೆ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮಪ್ಪಾರ ಜಾಗ ಉಳೀತಲ್ಲ. ಛಲೋ ಆತು."

ಕುಹಕ ಇರಲಿಲ್ಲ ಅದರಲ್ಲಿ. ತಪ್ಪಾಯಿತು ಎಂದು ನಾನು ಹೇಳಬೇಕಿತ್ತು. ಆದರೆ ಹೋದ ಸೋಮವಾರ ಅಪ್ಪ ಅದೇ ಮಾತನ್ನು ಅದೇ ಜಾಗದಲ್ಲಿ ಆಡಿದ್ದ. ನನ್ನ ಬಾಯಿಂದ ಬರಲಿಲ್ಲ. ಆಕೆ ಪಾಲಿಷಿನ ಡಬ್ಬಿ ತೆರೆದು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡರು.

ಹತ್ತೂ ಮುಕ್ಕಾಲಿಗೆ ಕಾರು ಬಂತು. ವಕೀಲರು ಇಳಿದರು. ಕರಿ ಕೋಟು, ಬಿಳಿ ಕೊರಳಪಟ್ಟಿ, ಕಾಲಿನಲ್ಲಿ ಮನೆಯ ಚಪ್ಪಲಿ. ಬೆಳಿಗ್ಗೆ ಬೂಟು ಹುಡುಕಿ ಸಿಗದೆ ಹಾಗೆಯೇ ಬಂದಿದ್ದರು. ಗಿಡದ ಕೆಳಗೆ ನೋಡಿದರು. ಗೇಟಿನ ಬಳಿ ಹೋದ ವಾರದಷ್ಟೇ ಜನ. ದೀಪಕ ಫೈಲುಗಳೊಂದಿಗೆ ಒಂದು ಹೆಜ್ಜೆ ಹಿಂದೆ ಸರಿದ.

ವಕೀಲರು ಹತ್ತಿರ ಬಂದು, ಹಲ್ಲುಗಳ ನಡುವಿನಿಂದ, ಏಳು ಅಂದರು. ಮನೆಗೆ ನಡೆ ಅಂದರು.

ಆಕೆ ಏಳಲಿಲ್ಲ. ಒಂದು ಬೂಟನ್ನು ಎಡಗೈಗೆ ತೊಟ್ಟುಕೊಂಡ ಹಾಗೆ ಒಳಗೆ ಕೈ ಹಾಕಿ ಹಿಡಿದಿದ್ದರು. ಬಲಗೈ ಅದರ ಮೂತಿಯ ಮೇಲೆ ಸುತ್ತು ಸುತ್ತು ಆಡುತ್ತಿತ್ತು, ಹೇಳಿಕೊಟ್ಟ ಹಾಗೆ, ತೆಳ್ಳಗೆ.

ಒಳಗಿನಿಂದ ಪಟ್ಟೇವಾಲ ಮೊದಲ ಕೇಸಿನ ಹೆಸರು ಕೂಗಿದ. ವಕೀಲರದೇ ಕೇಸು. ಅವರು ಬೂಟಿನ ಕಡೆ ಕೈ ಚಾಚಿದರು. ಕೈ ಚಾಚಿದ್ದನ್ನು ಎಲ್ಲರೂ ನೋಡಿದರು.

"ನಿಂದರ್ರಿ" ಅಂದರು ಶೀಲಾ. "ಇನ್ನೂ ಆರಿಲ್ಲ."

ಮೇಲೆ ಬೇವಿನ ಗಿಡ ಅಲ್ಲಾಡಲಿಲ್ಲ. ಗಾಳಿ ಇರಲಿಲ್ಲ, ಪಾಲಿಷ್ ಆರಲು ಎಂದಿಗಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಅಪ್ಪ ಬೇರೆ ಯಾರದೋ ಬೂಟಿನ ಲೇಸು ಬಿಚ್ಚುತ್ತಿದ್ದ. ನಾನು ಪಾಲಿಷಿನ ಡಬ್ಬಿಯನ್ನು ಆಕೆಯ ಕಡೆ ಸರಿಸಿದೆ. ಪಟ್ಟೇವಾಲ ಎರಡನೆಯ ಸಲ ಕೂಗಿದ. ವಕೀಲರು ಮನೆಯ ಚಪ್ಪಲಿಯಲ್ಲಿ, ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಆಕೆ ಮೊದಲನೆಯ ಬೂಟನ್ನು ಆರಲು ಪಕ್ಕಕ್ಕಿಟ್ಟು, ಎರಡನೆಯದನ್ನು ಎತ್ತಿಕೊಂಡು, ಒಣ ಬ್ರಷ್ಷಿನಿಂದ ಶುರು ಮಾಡಿದರು.